ಪ್ರಿಂಟ್ ತಂದಾಯ್ತು, ಇನ್ನು ಕಟ್ಟು ಹಾಕ್ಸೋದು ಹೇಗೆ?

ಜನವರೀಲಿ ಚಿತ್ರಸಂತೆ ದಿನ ಸಾಯಂಕಾಲ ಕುಮಾರಕೃಪಾ ರೋಡಲ್ಲಿ ನಿಂತ್ಕೊಂಡು ನೋಡಿ, ಜನ ರಟ್ಟಿನ ಕೊಳವೆ ಹಿಡ್ಕೊಂಡು, ಮಗೂನ ಒಂದು ಕೈಯಲ್ಲಿ ಚಿತ್ರಾನ ಒಂದು ಕೈಯಲ್ಲಿ ಇಟ್ಕೊಂಡು ಆಟೋ ಹುಡುಕ್ತಿರ್ತಾರೆ. ಅದರಲ್ಲಿ ಅರ್ಧ ಕೊಳವೆ ಸೀದಾ ಬೀರು ಮೇಲೆ ಹೋಗಿ ಮಲಗತ್ತೆ, ಮುಂದಿನ ವರ್ಷದ ಸಂತೆವರೆಗೂ ಏಳಲ್ಲ. ಇನ್ನರ್ಧ ಮನೆ ಹತ್ರದ ಫೋಟೋ ಫ್ರೇಮ್ ಅಂಗಡಿಗೆ ಹೋಗತ್ತೆ, ಮತ್ತೆ ನಿಜ ಹೇಳ್ಬೇಕಂದ್ರೆ ಬೀರು ಮೇಲೆ ಮಲಗಿದ್ದೇ ಎಷ್ಟೋ ಸಲ ಪುಣ್ಯ ಮಾಡಿರತ್ತೆ.

ನಂದೇ ಕಥೆ ಕೇಳಿ. ಕೆಲವು ವರ್ಷದ ಹಿಂದೆ ಒಂದು ಲಿನೋಕಟ್ (ಲಿನೋಲಿಯಂ ಹಾಳೆ ಕೆತ್ತಿ, ಇಂಕ್ ಹಚ್ಚಿ ಒತ್ತಿ ತೆಗೆಯೋ ಚಿತ್ರ) ತಗೊಂಡೆ, ಕಪ್ಪು ಬಿಳುಪು, ಕೆರೇಲಿ ಮೂಗಿನ್ ತನಕ ಮುಳುಗಿ ಕೂತಿರೋ ಎಮ್ಮೆ. ಕೆಳಗಡೆ ಬಿಳೀ ಅಂಚಲ್ಲಿ ಪೆನ್ಸಿಲಲ್ಲಿ 7/25 ಅಂತ ಬರೆದು ಕಲಾವಿದೆ ಸೈನ್ ಮಾಡಿದ್ರು, ಅಂದ್ರೆ ಒಟ್ಟು ಇಪ್ಪತ್ತೈದೇ ಪ್ರತಿ ತೆಗೆದಿರೋದು ಅದರಲ್ಲಿ ಇದು ಏಳನೇದು. ಅಂಗಡೀಲಿ ಕೊಟ್ಟು "ಚೆನ್ನಾಗಿ ಕಟ್ಟು ಹಾಕ್ಕೊಡಿ ಅಣ್ಣ" ಅಂದೆ ಅಷ್ಟೇ. ನಾಲ್ಕು ದಿನ ಬಿಟ್ಟು ಹೋದ್ರೆ ಬಂಗಾರದ ಬಣ್ಣದ ಹೂಬಳ್ಳಿ ಪಟ್ಟಿ, ಒಳಗೆ ಗಾಜಿಗೆ ಮುಖ ಒತ್ಕೊಂಡು ಎಮ್ಮೆ, ಸೈನು ನಂಬರ್ ಎರಡೂ ಮಾಯ. ಕೇಳಿದ್ರೆ ಆತ ತುಂಬ ಹೆಮ್ಮೆಯಿಂದ, "ಮೇಡಂ, ಕೆಳಗಡೆ ಯಾರೋ ಪೆನ್ಸಿಲಲ್ಲಿ ಗೀಚ್ಬಿಟ್ಟಿದ್ರು, ಅಷ್ಟು ಕಟ್ ಮಾಡಿ ರೆಡಿ ಸೈಜಿಗೇ ನೀಟಾಗಿ ಕೂರ್ಸಿದೀನಿ, ನಿಮಗೂ ಖರ್ಚು ಕಮ್ಮಿ ಆಯ್ತು" ಅಂದ.

ಆತನನ್ನ ಬೈಯೋಕೆ ಬಾಯಿ ಬರ್ಲಿಲ್ಲ. ದಿನಾ ದೇವರ ಫೋಟೋ, ಮದುವೆ ಫೋಟೋ, ತೀರ್ಕೊಂಡೋರ ಫೋಟೋ ಕಟ್ಟೋ ಮನುಷ್ಯ, ಪೆನ್ಸಿಲ್ ಗೀಟಿಗೆ ಬೆಲೆ ಇದೆ ಅಂತ ಅವನಿಗೆ ಯಾರು ಹೇಳ್ಬೇಕಿತ್ತು? ನಾನೇ ತಾನೆ. ಅಂಗಡಿಗೆ ಹೋಗೋ ಮುಂಚೆ ನಮಗೆ ಏನು ಬೇಕು ಅಂತ ನಮಗೇ ಗೊತ್ತಿರ್ಬೇಕು, ಅದಕ್ಕೇ ಇಷ್ಟುದ್ದ ಬರೀತಿರೋದು. ಇನ್ನೊಂದು ಮಾತು ಈಗ್ಲೇ ಹೇಳ್ಬಿಡ್ತೀನಿ, ದುಡ್ಡು ಕಮ್ಮಿ ಇದ್ರೆ ಹೊರಗಿನ ಪಟ್ಟಿ ಸಾದಾ ತಗೊಳ್ಳಿ, ಒಳಗೆ ಹೋಗೋ ವಸ್ತೂಗೆ ಖರ್ಚು ಮಾಡಿ. ಪಟ್ಟಿ ಯಾವಾಗ ಬೇಕಾದ್ರೂ ಬದಲಾಯಿಸ್ಬಹುದು, ಒಳಗಡೆ ಕಲೆ ಬಿದ್ದ ಪೇಪರ್ ಬದಲಾಯಿಸಕ್ಕಾಗಲ್ಲ.

ಮೊದ್ಲು, ಕೈಯಲ್ಲಿರೋದು ಏನು ಅಂತ ನೋಡ್ಕೊಳ್ಳಿ

ಎಲ್ಲದನ್ನೂ ನಾವು ಪ್ರಿಂಟ್ ಅಂತೀವಿ ಆದ್ರೆ ಎಲ್ಲಾ ಒಂದೇ ಅಲ್ಲ. ಲಿನೋಕಟ್, ವುಡ್‌ಕಟ್, ಎಚಿಂಗ್, ಸ್ಕ್ರೀನ್ ಪ್ರಿಂಟ್ ಇವೆಲ್ಲ ಕಲಾವಿದರು ಕೈಯಲ್ಲೇ ಒಂದೊಂದಾಗಿ ಒತ್ತಿ ತೆಗೆದಿರೋದು. ಪೆನ್ಸಿಲ್ ನಂಬರ್, ಸೈನ್ ಸಾಮಾನ್ಯವಾಗಿ ಚಿತ್ರದ ಕೆಳಗಿನ ಅಂಚಲ್ಲೇ ಇರತ್ತೆ, ನಂಬರ್ ಎಡಕ್ಕೆ, ಸೈನ್ ಬಲಕ್ಕೆ. ಇದನ್ನ ಮೂಲ ಕಲಾಕೃತಿ ಅಂತಲೇ ನೋಡ್ಕೊಳ್ಳಿ, ಒಂದು ಮಿಲಿಮೀಟರೂ ಕತ್ತರಿಸಂಗಿಲ್ಲ. ಎರಡನೇದು ಒಳ್ಳೇ ಇಂಕ್‌ಜೆಟ್ ಪ್ರಿಂಟು, ಕಲಾವಿದರು ತಮ್ಮ ಪೇಂಟಿಂಗನ್ನ ಸ್ಕ್ಯಾನ್ ಮಾಡ್ಸಿ ಹತ್ತಿ ಪೇಪರ್ ಮೇಲೆ ಪಿಗ್ಮೆಂಟ್ ಇಂಕಲ್ಲಿ ತೆಗೆಸಿರ್ತಾರೆ, ಝಿಕ್ಲೇ ಅಂತಾರಲ್ಲ ಅದು. ಇದು ಬಿಸಿಬಿಸಿ ಮಷಿನ್ನಿಂದ ಬಂದಿದ್ರೆ ಕನಿಷ್ಠ ಒಂದು ದಿನ ಗಾಳೀಲಿ ಬಿಟ್ಟು ಆಮೇಲೆ ಗಾಜಿನ ಹಿಂದೆ ಹಾಕ್ಸಿ, ಇಲ್ಲಾಂದ್ರೆ ಇಂಕಿನ ಆವಿ ಗಾಜಿನ ಒಳಗಡೆ ಮಂಜಿನ ಥರ ಕೂತ್ಕೊಳ್ಳತ್ತೆ. ಮೂರನೇದು ಸಾದಾ ಪೋಸ್ಟರ್, ಆರ್ಟ್ ಕಾರ್ಡ್ ಮೇಲೆ ಲೇಸರ್ ಪ್ರಿಂಟ್. ಇದಕ್ಕೆ ಜಾಸ್ತಿ ತಲೆ ಕೆಡಿಸ್ಕೊಳ್ಳೋದು ಬೇಡ, ಹಾಳಾದ್ರೆ ಇನ್ನೊಂದು ತೆಗೆಸ್ಬಹುದು.

ಕ್ಯಾನ್ವಾಸ್ ಮೇಲಿನ ಪ್ರಿಂಟ್ ಆದ್ರೆ ಗಾಜೇ ಬೇಡ, ಮರದ ಚೌಕಟ್ಟಿಗೆ ಎಳೆದು ಬಿಗಿಸಿ, ಬೇಕಿದ್ರೆ ಸುತ್ತ ಒಂದು ಟ್ರೇ ಥರದ ಫ್ಲೋಟ್ ಫ್ರೇಮ್ ಹಾಕ್ಸಿದ್ರೆ ಮುಗೀತು, ಈ ಲೇಖನದ ಮುಕ್ಕಾಲು ಭಾಗ ನಿಮಗೆ ಬೇಕಾಗಲ್ಲ.

ಅಂಗಡಿಯೋರು ಎಲ್ಲದಕ್ಕೂ ಮೊದ್ಲು ಕೇಳೋದು "ಲ್ಯಾಮಿನೇಷನ್ ಮಾಡ್ಬಿಡ್ಲಾ" ಅಂತ. ಎಂಡಿಎಫ್ ಹಲಗೆ (ಮರದ ಪುಡಿ ಒತ್ತಿ ಮಾಡಿರೋದು) ಮೇಲೆ ಚಿತ್ರ ಅಂಟಿಸಿ ಮೇಲೆ ಪ್ಲಾಸ್ಟಿಕ್ ಪದರ ಎಳೆದ್ರೆ ಕೆಲಸ ಸಲೀಸು, ಗಾಜು ಒಡೆಯೋ ಭಯ ಇಲ್ಲ, ರೇಟೂ ಕಮ್ಮಿ. ಪೋಸ್ಟರಿಗೆ ಧಾರಾಳವಾಗಿ ಮಾಡಿಸ್ಕೊಳ್ಳಿ, ನಮ್ಮನೆ ಮಗುವಿನ ರೂಮಲ್ಲಿರೋ ಭೂಪಟಕ್ಕೆ ನಾನೂ ಅದನ್ನೇ ಮಾಡ್ಸಿರೋದು. ಆದ್ರೆ ಒಂದು ಸಲ ಅಂಟಿದ್ರೆ ಮತ್ತೆ ಬಿಡಿಸಕ್ಕೆ ಬರಲ್ಲ, ಹಾಗಾಗಿ ಸೈನ್ ಇರೋ ಪ್ರಿಂಟಿಗೆ ಮಾತ್ರ ಕೈ ಮುಗಿದು ಬೇಡ ಅನ್ನಿ.

ಟೇಪ್ ಹಿಡಿದು ಅಳೀರಿ, ಅಂದಾಜು ಬೇಡ

ನಮ್ಮಲ್ಲಿ ಗಲಾಟೆ ಆಗೋದೇ ಇಲ್ಲಿ. ಪ್ರಿಂಟ್ ಇರೋದು ಎ4, ಎ3 ಲೆಕ್ಕದಲ್ಲಿ, ಫ್ರೇಮ್ ಇರೋದು ಇಂಚಿನ ಲೆಕ್ಕದಲ್ಲಿ. ಎ4 ಅಂದ್ರೆ 210 × 297 ಮಿ.ಮೀ., ಇಂಚಲ್ಲಿ ಹೇಳೋದಾದ್ರೆ 8.27 × 11.69. ಅಂಗಡೀಲಿ ನೇತಾಡೋ 8 × 12 ರೆಡಿ ಫ್ರೇಮಿಗೆ ಇದು ಹೋಗಲ್ಲ, ಅಗಲ ಕಾಲಿಂಚು ಜಾಸ್ತಿ ಆಗತ್ತೆ, ಆ ಕಾಲಿಂಚಿಗೇ ಕತ್ತರಿ ಆಚೆ ಬರೋದು. ಎ3 (297 × 420 ಮಿ.ಮೀ.) 12 × 18 ಫ್ರೇಮಲ್ಲಿ ಹಾಕಿದ್ರೆ ಅಗಲಕ್ಕೆ ಹೆಚ್ಚುಕಮ್ಮಿ ಸರಿ ಹೋಗಿ ಉದ್ದಕ್ಕೆ ಒಂದೂವರೆ ಇಂಚು ಖಾಲಿ ಉಳಿಯತ್ತೆ. ಇಂಥ ಕಡೆ ಇನ್ನೂ ದೊಡ್ಡ ಫ್ರೇಮ್ ತಗೊಂಡು, ನಡುವೆ ಮೌಂಟ್ ಅಂದ್ರೆ ರಟ್ಟಿನ ಅಂಚು ಹಾಕಿ ಸರಿ ಮಾಡ್ಬೇಕೇ ಹೊರತು ಚಿತ್ರಾನ ಫ್ರೇಮಿಗೆ ತಕ್ಕಂಗೆ ಕತ್ತರಿಸೋದಲ್ಲ.

ಎರಡು ಅಳತೆ ಬರ್ಕೊಳ್ಳಿ, ಪೇಪರಿನ ಪೂರ್ತಿ ಅಳತೆ ಒಂದು, ಕಾಣಬೇಕಾಗಿರೋ ಭಾಗದ ಅಳತೆ ಇನ್ನೊಂದು. ಸೈನ್ ಇದ್ರೆ ಸೈನೂ ಕಾಣ್ಬೇಕಾಗಿರೋ ಭಾಗಕ್ಕೆ ಸೇರತ್ತೆ, ಅದರ ಕೆಳಗೆ ಇನ್ನೊಂದು ಅರ್ಧ ಇಂಚು ಉಸಿರಾಡೋಕೆ ಜಾಗ ಬಿಡಿ. ಮೊಬೈಲಲ್ಲಿ ಫೋಟೋ ತೆಗೆದು ಅದರ ಮೇಲೇ ಬೆರಳಲ್ಲಿ ಗೀಟು ಹಾಕಿ ಅಳತೆ ಬರೆದು ಅಂಗಡಿಯೋರಿಗೆ ವಾಟ್ಸಾಪ್ ಮಾಡ್ಬಿಡಿ, ಬಾಯಿ ಮಾತಿಗಿಂತ ಅದು ವಾಸಿ, ಆಮೇಲೆ "ನೀವು ಹೇಳ್ಲೇ ಇಲ್ಲ ಮೇಡಂ" ಅನ್ನಕ್ಕಾಗಲ್ಲ.

ಮೌಂಟ್, ಜನ ಉಳಿತಾಯ ಮಾಡಕ್ಕೆ ಹೋಗೋ ಜಾಗ

ಚಿತ್ರದ ಸುತ್ತ ಬಿಳೀ ದಪ್ಪ ರಟ್ಟಿನ ಅಂಚು ಕಾಣತ್ತಲ್ಲ, ಮಧ್ಯ ಕಿಟಕಿ ಥರ ಕೊರೆದಿರ್ತಾರೆ, ಅದೇ ಮೌಂಟು. ಅದು ಬರೀ ಚೆಂದಕ್ಕೆ ಅಂದ್ಕೊಂಡಿದ್ದೆ ನಾನು. ಅದರ ನಿಜವಾದ ಕೆಲಸ ಪೇಪರನ್ನ ಗಾಜಿಂದ ದೂರ ಇಡೋದು. ನಮ್ಮ ಕಡೆ ಹಸಿ ಹವೆಗೆ ಗಾಜಿನ ಒಳಗಡೆ ನೀರಿನ ಪಸೆ ಕೂರತ್ತೆ, ಪೇಪರ್ ಅದಕ್ಕೆ ತಾಗ್ಕೊಂಡಿದ್ರೆ ಮೊದ್ಲು ಅಲೆ ಅಲೆ ಆಗತ್ತೆ, ಆಮೇಲೆ ಬೂಷ್ಟು, ಕೊನೆಗೆ ಗಾಜಿಗೇ ಅಂಟ್ಕೊಂಡು ಕೂರತ್ತೆ. ಹಳೇ ಫೋಟೋಗಳಲ್ಲಿ ಒಂದು ಕಡೆ ಮಾತ್ರ ಹೊಳೆಯೋ ಒದ್ದೆ ಮಚ್ಚೆ ಥರ ಕಾಣತ್ತಲ್ಲ, ಅದು ಇದೇ. ಮೌಂಟ್ ಬೇಡ್ವೇ ಬೇಡ ಅನ್ನೋರು ಕೊನೇಪಕ್ಷ ಗಾಜಿನ ಅಂಚಿಗೆ ಸಣ್ಣ ಸ್ಪೇಸರ್ ಪಟ್ಟಿ ಹಾಕಿಸ್ಕೊಳ್ಳಿ.

ಅಂಗಡೀಲಿ ಎರಡು ಥರ ಬೋರ್ಡ್ ಇರತ್ತೆ. ಸಾದಾದು, ಮತ್ತೆ ಆಸಿಡ್ ಫ್ರೀ. ಸಾದಾ ಬೋರ್ಡನ್ನ ಮರದ ತಿರುಳಿಂದ ಮಾಡಿರ್ತಾರೆ, ಅದರಲ್ಲಿರೋ ಲಿಗ್ನಿನ್ ಕಾಲ ಕಳೆದಂಗೆ ಆಮ್ಲ ಬಿಡತ್ತೆ, ನ್ಯೂಸ್ ಪೇಪರ್ ಬಿಸಿಲಲ್ಲಿಟ್ರೆ ಹಳದಿ ಆಗತ್ತಲ್ಲ ಅದೇ ಕಾರಣ. ಮನೇಲಿ ಹಳೇ ಫ್ರೇಮ್ ಇದ್ರೆ ಮೌಂಟ್ ಕೊರೆದಿರೋ ಒಳ ಅಂಚನ್ನ ಹತ್ರದಿಂದ ನೋಡಿ, ಅಲ್ಲಿ ಕಂದು ಬಣ್ಣಕ್ಕೆ ತಿರುಗಿರತ್ತೆ, ಒಳಗೆ ಚಿತ್ರದ ಮೇಲೂ ಅದೇ ಆಕಾರದ ಕಂದು ಗೆರೆ ಬಿದ್ದಿರತ್ತೆ. ಆಸಿಡ್ ಫ್ರೀ ಬೋರ್ಡಿಗೆ ರೇಟ್ ಜಾಸ್ತಿ ನಿಜ, ಆದ್ರೆ ಒಂದು ಚಿತ್ರಕ್ಕೆ ಬೇಕಾಗೋದು ಎಷ್ಟು ಮಹಾ. ಕೆಲವು ಅಂಗಡಿಯೋರು "ಎಲ್ಲಾ ಅದೇನೇ ಮೇಡಂ" ಅಂತಾರೆ, ಆಗ ಪೂರ್ತಿ ಶೀಟ್ ತೋರಿಸಿ ಅನ್ನಿ, ಹಿಂಭಾಗದಲ್ಲಿ ಕಂಪನಿ ಹೆಸರಿನ ಜೊತೆ ಬರೆದಿದೆಯಾ ನೋಡಿ. ಸಿಗ್ಲೇ ಇಲ್ಲ ಅಂದ್ರೆ ಒಂದು ಆಸಿಡ್ ಫ್ರೀ ಪೇಪರ್ ಹಾಳೆ ಆರ್ಟ್ ಸಾಮಾನಿನ ಅಂಗಡೀಲಿ ನೀವೇ ತಂದು ಚಿತ್ರಕ್ಕೂ ಹಿಂದಿನ ಹಲಗೆಗೂ ನಡುವೆ ಇಡ್ಸಿ, ಏನೂ ಇಲ್ಲದಿರೋದಕ್ಕಿಂತ ಮೇಲು.

ಅಗಲ ಎಷ್ಟಿರ್ಬೇಕು? ಜನ ಕಂಜೂಸು ಮಾಡಿ ಒಂದಿಂಚು ಬಿಡ್ತಾರೆ, ಆಗ ಅದು ಮದುವೆ ಕಾರ್ಡಿನ ಬಾರ್ಡರ್ ಥರ ಕಾಣತ್ತೆ. ಎ4 ಸೈಜಿಗೆ ಎರಡಿಂಚು, ಎ3ಗೆ ಎರಡೂವರೆಯಿಂದ ಮೂರು ಧೈರ್ಯವಾಗಿ ಬಿಡಿ. ಹೊರಗಿನ ಪಟ್ಟಿಗಿಂತ ಮೌಂಟ್ ಅಗಲ ಇರ್ಬೇಕು, ಎರಡೂ ಒಂದೇ ಅಗಲ ಆಗ್ಬಿಟ್ರೆ ಕಣ್ಣಿಗೆ ಬರೀ ಗೆರೆ ಗೆರೆ ಕಾಣತ್ತೆ. ಕೆಳಗಡೆ ಕಾಲಿಂದ ಅರ್ಧ ಇಂಚು ಜಾಸ್ತಿ ಬಿಡ್ಸಿ, ನಾಲ್ಕೂ ಕಡೆ ಸಮ ಬಿಟ್ರೆ ಚಿತ್ರ ಕೆಳಗೆ ಜಾರಿದಂಗೆ ಕಾಣತ್ತೆ ಯಾಕೋ, ಕಣ್ಣಿನ ಮೋಸ. ಕೊರೆಯೋವ್ರಿಗೆ ಇದನ್ನ ಎರಡು ಸಲ ಹೇಳಿ, ಇಲ್ಲಾಂದ್ರೆ "ಅಳತೆ ತಪ್ಪಿದೆ" ಅಂತ ಅವ್ರೇ ಸರಿ ಮಾಡ್ಬಿಡ್ತಾರೆ.

ಬಣ್ಣಕ್ಕೆ ಬಂದ್ರೆ ನಂದು ಒಂದೇ ಹಠ, ಮಾಸಲು ಬಿಳಿ. ಚಿತ್ರದಲ್ಲಿರೋ ಕೆಂಪಿಗೆ ಮ್ಯಾಚ್ ಮಾಡಿ ಕೆಂಪು ಮೌಂಟ್ ಹಾಕೋದು ಸೀರೆಗೆ ಮ್ಯಾಚಿಂಗ್ ಬಳೆ ಹುಡುಕ್ದಂಗೆ, ಕೊನೆಗೆ ಮೌಂಟೇ ಕಾಣತ್ತೆ, ಚಿತ್ರ ಕಾಣಲ್ಲ. ಬಿಳೀಲೂ ಹತ್ತಾರು ಬಿಳಿ ಇದೆ. ಚಿತ್ರದ ಪೇಪರನ್ನೇ ತಗೊಂಡೋಗಿ ಬೋರ್ಡಿನ ತುಂಡಿನ ಪಕ್ಕ ಇಟ್ಟು ಬಾಗಿಲ ಹತ್ರ ಹಗಲ ಬೆಳಕಲ್ಲಿ ನೋಡಿ. ಹತ್ತಿ ಪೇಪರ್ ಸ್ವಲ್ಪ ಹಳದಿ ಛಾಯೆ ಇರತ್ತೆ, ಅದರ ಪಕ್ಕ ಅಚ್ಚ ಬಿಳಿ ಬೋರ್ಡ್ ಇಟ್ರೆ ಪ್ರಿಂಟು ಕೊಳೆಯಾದಂಗೆ ಕಾಣತ್ತೆ. ನಮ್ಮನೇಲಿ ಸಾಗರದ ಕಡೆ ಚಿತ್ತಾರದ ಒಂದು ಪ್ರಿಂಟ್ ಇದೆ, ಕೆಮ್ಮಣ್ಣಿನ ನೆಲ, ಅದರ ಮೇಲೆ ಅಕ್ಕಿ ಹಿಟ್ಟಿನ ಸಣ್ಣ ಸಣ್ಣ ಗೆರೆ. ಅದಕ್ಕೆ ಮೊದ್ಲು ಅಚ್ಚ ಬಿಳಿ ಹಾಕ್ಸಿದ್ದೆ, ಬೋರ್ಡಿನ ಬಿಳಿ ಮುಂದೆ ಆ ಅಕ್ಕಿ ಗೆರೆಗಳು ಪೂರ್ತಿ ಮಂಕು. ಆಮೇಲೆ ಅದೇ ಗೆರೆ ಬಣ್ಣಕ್ಕೆ ಹತ್ರ ಇರೋ ಬೋರ್ಡ್ ಹುಡುಕ್ಸಿ ಹಾಕಿದ್ಮೇಲೆ ಎದ್ದು ಬಂತು ನೋಡಿ, ಚಿತ್ರ ಅದೇ, ಗೋಡೆ ಅದೇ.

ಚಿತ್ರಾನ ಮೌಂಟಿಗೆ ಹೇಗೆ ಕೂರಿಸ್ತಾರೆ ಅನ್ನೋದನ್ನ ಕಣ್ಣಾರೆ ನೋಡಿ. ಮೇಲಿನ ಅಂಚಿಗೆ ಎರಡೇ ಎರಡು ಕಡೆ ಸಣ್ಣ ಪೇಪರ್ ಟೇಪಿನ ತುಂಡು, ಅಷ್ಟೇ, ಪೇಪರ್ ಬಟ್ಟೆ ಒಣಗಾಕಿದಂಗೆ ಜೋತಾಡ್ಬೇಕು. ನಾಲ್ಕೂ ಸುತ್ತ ಟೇಪ್ ಹೊಡೆದ್ರೆ ಮಳೆಗಾಲದಲ್ಲಿ ಪೇಪರ್ ಹಿಗ್ಗತ್ತೆ, ಹಿಗ್ಗೋಕೆ ಜಾಗ ಇಲ್ದೆ ಹಪ್ಪಳ ಆಗತ್ತೆ. ಸೆಲ್ಲೋಟೇಪ್ ಮಾತ್ರ ಯಾವ ಕಾರಣಕ್ಕೂ ಬೇಡ, ಐದಾರು ವರ್ಷಕ್ಕೆ ಅದರ ಗೋಂದು ಹಳದಿ ಎಣ್ಣೆ ಥರ ಪೇಪರೊಳಗೆ ಇಳಿದ್ಬಿಡತ್ತೆ. ಮೈದಾ ಅಂಟು ಹಾಕೋ ಹಳೇ ಕೈಗಳೂ ಇದಾರೆ, ಅದರ ರುಚಿಗೆ ಜಿರಳೆ, ಸಿಲ್ವರ್ ಫಿಶ್ ಎರಡೂ ಬರತ್ತೆ. ನೀರು ಹಚ್ಚಿ ಅಂಟಿಸೋ ಗಮ್ ಪೇಪರ್ ಟೇಪು ಸಿಗತ್ತೆ, ಅದು ಸಾಕು, ಬೇಕಂದಾಗ ಒದ್ದೆ ಮಾಡಿ ಬಿಡಿಸ್ಬಹುದು.

ಈಗ ಪಟ್ಟಿ

ಅಂಗಡಿ ಭಾಷೇಲಿ ಬೀಡಿಂಗ್ ಅಂತಾರೆ, ಗೋಡೆ ತುಂಬ ಮೂಲೆ ಸ್ಯಾಂಪಲ್ ನೇತಾಕಿರ್ತಾರೆ. ಆ ಮೂಲೆ ತುಂಡನ್ನ ಕೈಗೆ ಇಸ್ಕೊಂಡು ಚಿತ್ರದ ಮೂಲೆ ಮೇಲೆ ಇಟ್ಟು ನೋಡಿ, ಗೋಡೆ ಮೇಲೆ ನೋಡಿದಾಗ ಇಷ್ಟ ಆಗಿದ್ದು ಚಿತ್ರದ ಪಕ್ಕ ಅರ್ಧಕ್ಕರ್ಧ ಸಲ ಇಷ್ಟ ಆಗಲ್ಲ. ಸೋಫಾ ಬಣ್ಣಕ್ಕೆ, ಟಿವಿ ಯೂನಿಟ್ ಲ್ಯಾಮಿನೇಟಿಗೆ ಮ್ಯಾಚ್ ಮಾಡೋಕೆ ಹೋಗ್ಬೇಡಿ. ಸೋಫಾ ಏಳೆಂಟು ವರ್ಷಕ್ಕೆ ಬದಲಾಗತ್ತೆ, ಬಾಡಿಗೆ ಮನೆ ಆದ್ರೆ ಗೋಡೆನೇ ಬದಲಾಗತ್ತೆ.

ಕೆ.ಕೆ. ಹೆಬ್ಬಾರರ ರೇಖಾಚಿತ್ರದ ಥರ ನಾಲ್ಕೇ ಗೆರೇಲಿ ಮುಗಿಯೋ ಚಿತ್ರಕ್ಕೆ ಅರ್ಧ, ಮುಕ್ಕಾಲು ಇಂಚಿನ ಸಪೂರ ಪಟ್ಟಿ, ಕಪ್ಪು ಇಲ್ಲಾ ಮರದ ಬಣ್ಣ. ಎಮ್ಮೆ ಲಿನೋಕಟ್ ಥರ ದಟ್ಟ ಕಪ್ಪು ಇರೋದಕ್ಕೆ ಸ್ವಲ್ಪ ದಪ್ಪ ನಡಿಯತ್ತೆ. ರವಿವರ್ಮನ ಪ್ರಿಂಟು, ಮೈಸೂರು ಶೈಲಿ ಚಿತ್ರದ ಪ್ರಿಂಟು ಇವಕ್ಕೆ ಬಂಗಾರದ ಗೆರೆ ಇರೋ ಗಾಢ ಮರದ ಪಟ್ಟಿ ಒಪ್ಪತ್ತೆ, ಆದ್ರೆ ಎ4 ಸೈಜಿನ ಪ್ರಿಂಟಿಗೆ ಮೂರಿಂಚಿನ ಚೆಟ್ಟಿನಾಡ್ ಫ್ರೇಮ್ ಹಾಕ್ಸೋದು ನೋಡಿದೀನಿ, ಮಗೂಗೆ ಅಪ್ಪನ ಕೋಟ್ ತೊಡಿಸಿದಂಗೆ ಇತ್ತು, ಹೇಳೋಕೆ ಹೋಗಿ ನೆಂಟಸ್ತಿಕೆ ಕೆಡಿಸ್ಕೊಳ್ಳಲಿಲ್ಲ.

ವಸ್ತು ಯಾವುದು? ಇವತ್ತು ಅಂಗಡೀಲಿ ನೂರಕ್ಕೆ ತೊಂಬತ್ತು ಫೈಬರ್ ಪಟ್ಟಿ, ಹೆಸರಿಗೆ ಫೈಬರ್, ನಿಜಕ್ಕೂ ಪ್ಲಾಸ್ಟಿಕ್. ನಾನು ಮೊದ್ಲು ಮೂಗು ಮುರೀತಿದ್ದೆ, ಈಗಿಲ್ಲ. ಗೆದ್ದಲು ತಿನ್ನಲ್ಲ, ಕುಟ್ಟೆ ಹಿಡಿಯಲ್ಲ, ಮಳೆಗೆ ಉಬ್ಬಲ್ಲ, ತೀರ್ಥಹಳ್ಳಿ ಆಗುಂಬೆ ಕಡೆ ಮನೆಗೆ ಅದೇ ಸರಿ. ಆದ್ರೆ ದೊಡ್ಡ ಸೈಜಿಗೆ ಗಾಜಿನ ಭಾರಕ್ಕೆ ಕೆಳಗಿನ ಪಟ್ಟಿ ಬಾಗತ್ತೆ, ಎರಡಡಿ ದಾಟಿದ್ರೆ ಮರಕ್ಕೆ ಹೋಗಿ. ಮರದಲ್ಲಿ ತೇಗ ಆದ್ರೆ ನಿಶ್ಚಿಂತೆ, ಅಗ್ಗದ ಮರ ಆದ್ರೆ ಚೆನ್ನಾಗಿ ಒಣಗಿದೆಯಾ ಕೇಳಿ, ಹಸಿ ಮರದ ಫ್ರೇಮ್ ಬೇಸಿಗೇಲಿ ನಾಲ್ಕೂ ಮೂಲೆ ಬಾಯಿ ಬಿಡತ್ತೆ. ಎಂಡಿಎಫ್ ಮೇಲೆ ಮರದ ಸ್ಟಿಕ್ಕರ್ ಅಂಟಿಸಿರೋದೂ ಇದೆ, ನೀರು ತಾಗಿದ್ರೆ ಅದು ಬಿಸ್ಕತ್ತು. ಕಡಲ ಕಡೆಯೋರು, ಕುಂದಾಪುರ ಕಾರವಾರದೋರು, ಪಟ್ಟಿ ಯಾವುದಾದ್ರೂ ಆಗ್ಲಿ ಹಿಂದಿನ ಕೊಂಡಿ, ಮೊಳೆ ಎಲ್ಲಾ ಹಿತ್ತಾಳೆ ಇಲ್ಲಾ ಸ್ಟೀಲು ಕೇಳಿ, ಉಪ್ಪಿನ ಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಗೋಡೆ ಮೇಲೆ ಕೆಂಪು ಕಣ್ಣೀರು ಇಳಿಯತ್ತೆ.

ಇನ್ನೊಂದು ಯಾರೂ ನೋಡ್ದೇ ಇರೋ ವಿಷಯ, ಪಟ್ಟಿ ಹಿಂದೆ ಗಾಜು ಕೂರೋ ಮೆಟ್ಟಿಲಿನ ಆಳ. ಗಾಜು 2 ಮಿ.ಮೀ., ಮೌಂಟ್ ಒಂದೂವರೆ, ಹಿಂದೆ ಇನ್ನೊಂದು ಬೋರ್ಡ್ ಒಂದೂವರೆ, ಹಾರ್ಡ್‌ಬೋರ್ಡ್ 3, ಕೂಡಿದ್ರೆ 8 ಮಿ.ಮೀ. ಆಯ್ತು. ಪಟ್ಟೀಲಿ ಆಳ ಬರೀ 6 ಇದ್ರೆ ಹಿಂದಿನ ಹಲಗೆ ಆಚೆ ಉಬ್ಕೊಂಡು ಕೂರತ್ತೆ, ಅಥವಾ ಅಂಗಡಿಯೋರು ಸದ್ದಿಲ್ದೆ ಒಂದು ಬೋರ್ಡ್ ಕಳಚಿ ಹಾಕ್ತಾರೆ.

ದುಡ್ಡಿನ ಲೆಕ್ಕ ಹೇಗೆ ಅಂದ್ರೆ ರನ್ನಿಂಗ್ ಫೂಟಲ್ಲಿ, ಅಂದ್ರೆ ಪಟ್ಟಿ ಎಷ್ಟಡಿ ಉದ್ದ ಬೇಕು ಅನ್ನೋದರ ಮೇಲೆ. ಒಂದು ಉದಾಹರಣೆ ನೋಡಿ, ಪ್ರಿಂಟ್ 12 × 18 ಇಂಚು. ಮೌಂಟ್ ಕಿಟಕಿ ಸುತ್ತಲೂ ಎಂಟನೇ ಒಂದು ಇಂಚು ಪೇಪರ್ ಮೇಲೆ ಹತ್ಬೇಕು, ಹಾಗಾಗಿ ಕಿಟಕಿ 11¾ × 17¾. ಮೌಂಟ್ ಮೂರು ಕಡೆ ಎರಡೂವರೆ, ಕೆಳಗೆ ಮೂರು. ಹೊರ ಅಳತೆ 16¾ × 23¼ ಆಯ್ತು, ಸುತ್ತಳತೆ 80 ಇಂಚು. ಆದ್ರೆ ಮೂಲೇಲಿ 45 ಡಿಗ್ರಿ ಓರೆ ಕತ್ತರಿಸೋದ್ರಿಂದ ಪಟ್ಟಿ ಅಗಲದ ಎಂಟು ಪಟ್ಟು ಜಾಸ್ತಿ ಬೇಕು, ಒಂದಿಂಚಿನ ಪಟ್ಟಿ ಆದ್ರೆ ಇನ್ನೊಂದು 8 ಇಂಚು. ಒಟ್ಟು 88 ಇಂಚು, ಅಂದ್ರೆ ಏಳಡಿ ನಾಲ್ಕಿಂಚು. ಅಂಗಡಿಯೋರು ಏಳೂವರೆ, ಎಂಟಡಿ ಅಂದ್ರೆ ಮೋಸ ಅಲ್ಲ, ಹತ್ತಡಿ ಅಂದ್ರೆ ಮಾತ್ರ ಯಾಕೆ ಅಂತ ಕೇಳಿ. ಕೆಲವ್ರು ಉಳಿದ ತುಂಡು ನಮಗೆ ವೇಸ್ಟು ಅಂತಾರೆ, ಹಂಗಾದ್ರೆ ಆ ತುಂಡು ನನಗೆ ಕೊಡಿ ಅಂತ ಇಸ್ಕೊಂಡು ಬನ್ನಿ, ಪೋಸ್ಟ್‌ಕಾರ್ಡ್ ಸೈಜಿಗೆ ಒಂದು ಫ್ರೇಮ್ ಆಗತ್ತೆ.

ಗಾಜು

ಮಾಮೂಲಿ 2 ಮಿ.ಮೀ. ಗಾಜು ಮುಕ್ಕಾಲು ಪಾಲು ಕೆಲಸಕ್ಕೆ ಸಾಕು. ಪ್ರತಿಫಲನ ಕಾಡತ್ತೆ ಅಂತ ಜನ ನಾನ್ ಗ್ಲೇರ್ ಗಾಜು ಕೇಳ್ತಾರೆ, ಒರಟು ಮಾಡಿರೋ ಗಾಜು ಅದು, ಚಿತ್ರಕ್ಕೆ ಅಂಟ್ಕೊಂಡಿದ್ರೆ ಪರ್ವಾಗಿಲ್ಲ ಅನ್ಸತ್ತೆ, ಮೌಂಟ್ ಹಾಕಿ ದೂರ ಸರಿಸಿದ ತಕ್ಷಣ ಚಿತ್ರ ಮಬ್ಬು, ಕನ್ನಡಕಕ್ಕೆ ಕಾಫಿ ಹಬೆ ಹೊಡೆದಂಗೆ. ನಾನಂತೂ ಬೇಡ ಅಂತೀನಿ. ಕಿಟಕಿ ಎದುರಿನ ಗೋಡೆ ಬಿಟ್ಟು ಪಕ್ಕದ ಗೋಡೆಗೆ ಹಾಕಿದ್ರೆ ಅರ್ಧ ಪ್ರತಿಫಲನ ಹೋಗತ್ತೆ, ಅದು ಪುಕ್ಕಟೆ.

ಬಣ್ಣ ಮಾಸೋದು ಬೇರೆ ಸಮಸ್ಯೆ. ಮಾಮೂಲಿ ಗಾಜು ಬಿಸಿಲಿನ ಯುವಿ (ನೇರಳಾತೀತ) ಕಿರಣದಲ್ಲಿ ಸ್ವಲ್ಪ ತಡೆಯತ್ತೆ, ಪೂರ್ತಿ ಅಲ್ಲ. ಯುವಿ ತಡೆಯೋ ಗಾಜು, ಯುವಿ ತಡೆಯೋ ಅಕ್ರಿಲಿಕ್ (ಗಾಜಿನ ಥರದ ಪ್ಲಾಸ್ಟಿಕ್) ದೊಡ್ಡ ಊರಲ್ಲಿ ಆರ್ಡರ್ ಮಾಡಿದ್ರೆ ಸಿಗತ್ತೆ, ದುಬಾರಿ, ಬೆಲೆ ಬಾಳೋ ಚಿತ್ರಕ್ಕೆ ಸರಿ. ಆದ್ರೆ ಕಣ್ಣಿಗೆ ಕಾಣೋ ಬೆಳಕೂ ಬಣ್ಣ ತಿನ್ನತ್ತೆ, ಆದ್ದರಿಂದ ಯುವಿ ಗಾಜು ಹಾಕ್ಸಿದೀನಿ ಅಂತ ಪಡುವಣ ಬಿಸಿಲಿಗೆ ನೇತಾಕಿದ್ರೆ ಅದೇನೂ ಮಂತ್ರದಂಡ ಅಲ್ಲ.

ದೊಡ್ಡ ಸೈಜಿಗೆ ಅಕ್ರಿಲಿಕ್ ಯೋಚನೆ ಮಾಡಿ. 24 × 36 ಇಂಚಿಗೆ 2 ಮಿ.ಮೀ. ಗಾಜು ಸುಮಾರು 2.8 ಕೆ.ಜಿ., 3 ಮಿ.ಮೀ. ಆದ್ರೆ 4 ಕೆ.ಜಿ. ಮೇಲೆ. ಅದೇ 2 ಮಿ.ಮೀ. ಅಕ್ರಿಲಿಕ್ 1.3 ಕೆ.ಜಿ. ಅಷ್ಟೇ. ಮಂಚದ ತಲೆ ಕಡೆ, ಮಕ್ಕಳ ರೂಮಲ್ಲಿ, ಕೊರಿಯರಲ್ಲಿ ಹೋಗ್ಬೇಕಾಗಿರೋ ಚಿತ್ರಕ್ಕೆ ಅದೇ ಒಳ್ಳೇದು. ಗೀರು ಬೇಗ ಬೀಳತ್ತೆ, ಒಣ ಬಟ್ಟೇಲಿ ಉಜ್ಜಬಾರದು. ಮತ್ತೆ ಉಜ್ಜಿದ್ರೆ ಬಾಚಣಿಗೆ ಥರ ಪುಡಿ ಎಳ್ಕೊಳ್ಳತ್ತೆ, ಹಾಗಾಗಿ ಇದ್ದಿಲು, ಪ್ಯಾಸ್ಟೆಲ್ ಚಿತ್ರಕ್ಕೆ ಅಕ್ರಿಲಿಕ್ ಬೇಡ, ಗಾಜೇ ಸರಿ.

ಹಿಂಭಾಗ, ಅಂದ್ರೆ ಅಜ್ಜಿ ಮನೆ ಸರಸ್ವತಿ

ನಮ್ಮಜ್ಜಿ ಮನೆ ಪಡಸಾಲೇಲಿ ಬಾಗಿಲ ಮೇಲೆ ಸಾಲಾಗಿ ಫೋಟೋ ಇದ್ವು, ಎಲ್ಲಾ ಮುಂದಕ್ಕೆ ಬಾಗಿ ನಮ್ಮನ್ನೇ ನೋಡ್ತಿದ್ದಂಗೆ. ಆಗೆಲ್ಲ ಜನ ಕೂರ್ತಿದ್ದಿದ್ದು ನೆಲದ ಮೇಲೆ ಚಾಪೆ ಹಾಕ್ಕೊಂಡು, ಕೆಳಗಿಂದ ನೋಡೋರಿಗೆ ಸರಿಯಾಗಿ ಕಾಣ್ಲಿ, ಬಾಗಿಲ ಬೆಳಕು ಗಾಜಲ್ಲಿ ಹೊಳೀದೇ ಇರ್ಲಿ ಅಂತ ಆ ಓರೆ. ಅದರಲ್ಲಿ ಒಂದು ಸರಸ್ವತಿ, ರವಿವರ್ಮ 1894ರಲ್ಲಿ ಮುಂಬೈಲಿ ಶುರು ಮಾಡಿದ್ನಲ್ಲ ಆ ಪ್ರೆಸ್ಸಿಂದೇ ಅಂತ ಅಜ್ಜಿ ಸಾಯೋತನಕ ಹೇಳ್ತಿದ್ರು. ಮನೆ ರಿಪೇರಿ ಟೈಮಲ್ಲಿ ನಾನೂ ಮಾವನೂ ಸೇರಿ ಬಿಚ್ಚಿದ್ವಿ. ಹಿಂದೆ ಬೋರ್ಡ್ ಅಲ್ಲ, ಸಾದಾ ಮರದ ಎರಡು ಹಲಗೆ ಜೋಡ್ಸಿ ಮೊಳೆ ಹೊಡೆದಿದ್ರು. ಚಿತ್ರದ ಬೆನ್ನಿಗೆ ನೋಡಿದ್ರೆ ಆ ಹಲಗೆಯ ಪ್ರತಿ ಗೆರೆ, ಗಂಟು ಎಲ್ಲಾ ಕಂದು ಬಣ್ಣದಲ್ಲಿ ಅಚ್ಚು ಬಿದ್ದಿತ್ತು, ಎರಡು ಹಲಗೆ ಕೂಡೋ ಸಂದಿ ಸರಿಯಾಗಿ ಮುಂದೆ ಸರಸ್ವತಿಯ ವೀಣೆ ಮೇಲೆ ಉದ್ದಕ್ಕೆ ಗೆರೆಯಾಗಿ ಬಂದಿತ್ತು. ಮರ ಬಿಟ್ಟ ಆಮ್ಲ, ಸಂದಿಯಿಂದ ನುಗ್ಗಿದ ಗಾಳಿ ಧೂಳು, ಅಷ್ಟೂ ವರ್ಷ ಸೇರಿ ಬರೆದಿದ್ದು. ಒಂದು ಮೂಲೆ ಗಾಜಿಗೆ ಅಂಟ್ಕೊಂಡಿತ್ತು, ಆ ಕಾಲದ ಪ್ರಿಂಟಿಗೆ ಮೇಲೆ ವಾರ್ನಿಷ್ ಇರತ್ತೆ, ಹಸಿಗೆ ಅದು ಗಾಜನ್ನ ಬಿಡಲ್ಲ. ಮಾವ ಚಾಕು ತಗೊಂಡ್ರು, ನಾನು ಕೈ ಹಿಡ್ಕೊಂಡೆ. ಹಾಗೆ ಅಂಟಿರೋದನ್ನ ನೀವು ಬಿಡಿಸೋಕೆ ಹೋಗ್ಬೇಡಿ, ಪೇಪರ್ ಸಂರಕ್ಷಣೆ ಕಲಿತೋರ ಹತ್ರ ಗಾಜು ಸಮೇತ ಕೊಡಿ, ಇಲ್ಲಾ ಹಾಗೇ ಬಿಡಿ. ನಾವು ಹಾಗೇ ಬಿಟ್ವಿ, ಹಿಂದಿನ ಹಲಗೆ ಮಾತ್ರ ಬದಲಾಯ್ಸಿದ್ವಿ.

ಅದಕ್ಕೇ ಹೇಳ್ತಿರೋದು, ಚಿತ್ರದ ಬೆನ್ನಿಗೆ ತಾಗೋದು ಆಸಿಡ್ ಫ್ರೀ ಬೋರ್ಡೇ ಆಗಿರ್ಲಿ, ಅದರ ಹಿಂದೆ ಹಾರ್ಡ್‌ಬೋರ್ಡ್ ಏನಾದ್ರೂ ಬರ್ಲಿ. ಕೊನೆಗೆ ಅಂಚಿಗೆ ಬ್ರೌನ್ ಪೇಪರ್ ಟೇಪ್ ಸುತ್ತ ಹಚ್ಚಿ ಮುಚ್ಚಿಸಿ, ಧೂಳು ಹುಳ ಎರಡೂ ಒಳಗೆ ಹೋಗಲ್ಲ. ಕೆಳಗಿನ ಎರಡು ಮೂಲೆ ಹಿಂದೆ ರಬ್ಬರ್ ಬಿಲ್ಲೆ ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಸಣ್ಣ ಸಂದಿ ಉಳಿದು ಗಾಳಿ ಆಡತ್ತೆ. ಮಲೆನಾಡಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಗೋಡೆ ಮುಟ್ಟಿದ್ರೆ ಕೈ ಒದ್ದೆ ಆಗೋ ಮನೆಗಳಲ್ಲಿ ಈ ಬಿಲ್ಲೆ ಪಟ್ಟಿಗಿಂತ ಮುಖ್ಯ.

ಅಂಗಡೀಲಿ ಮಾತು

ಬೆಳಿಗ್ಗೆ ಹೊತ್ತು ಹೋಗಿ, ಸಂಜೆ ರಶ್ಶಲ್ಲಿ ಯಾರೂ ಕೇಳಿಸ್ಕೊಳ್ಳಲ್ಲ. ಬಿಲ್ ಬುಕ್ಕಲ್ಲೇ ಬರೆಸಿ: ಪ್ರಿಂಟ್ ಕಟ್ ಮಾಡಬಾರದು, ಸೈನ್ ಕಾಣ್ಬೇಕು, ಆಸಿಡ್ ಫ್ರೀ ಮೌಂಟ್, ಮೇಲೆ ಎರಡು ಕಡೆ ಮಾತ್ರ ಪೇಪರ್ ಟೇಪ್. ಚಿತ್ರದ ಹಿಂದೆ ಪೆನ್ನಲ್ಲಿ ನಿಮ್ಮ ಫೋನ್ ನಂಬರ್ ಬರೆಯೋಕೆ ಬಿಡ್ಬೇಡಿ, ಅದು ಅವರ ಅಭ್ಯಾಸ, ಒಂದು ಚೀಟೀಲಿ ಬರೆದು ಕವರಿಗೆ ಅಂಟಿಸಿ ಅನ್ನಿ. ತಗೊಳ್ಳೋವಾಗ ನಾಲ್ಕೂ ಮೂಲೆ ಮೇಲೆ ಉಗುರು ಓಡಿಸಿ ನೋಡಿ, ಸಿಕ್ಕಾಕೊಂಡ್ರೆ ಜೋಡಣೆ ಸರಿ ಇಲ್ಲ. ಸ್ವಲ್ಪ ಅಲುಗಾಡಿಸಿ, ಒಳಗೆ ಗಾಜು ಗಲಗಲ ಅಂದ್ರೆ ಸಡಿಲ, ಆದ್ರೆ ಗಾಜು ಪೂರ್ತಿ ಬಿಗಿ ಕೂತಿರೋದೂ ತಪ್ಪು, ಗಾಜಿನ ಅಂಚಿಗೂ ಪಟ್ಟಿಗೂ ನಡುವೆ ಎರಡು ಮೂರು ಮಿ.ಮೀ. ಜಾಗ ಇರ್ಬೇಕು. ಗಾಜಿನ ಒಳಗಡೆ ಒಂದು ಕೂದಲು ಇದ್ದೇ ಇರತ್ತೆ, ಅಲ್ಲೇ ಬಿಚ್ಚಿ ತೆಗೆಸಿ, ಮನೆಗೆ ಬಂದ್ಮೇಲೆ ಚಿತ್ರ ಕಾಣಲ್ಲ, ಆ ಕೂದಲೇ ಕಾಣತ್ತೆ.

ನೇತಾಕೋದು

ಚಿತ್ರದ ನಡುಭಾಗ ನೆಲದಿಂದ 145 ಸೆಂ.ಮೀ. ಆಸುಪಾಸಲ್ಲಿ ಇರ್ಲಿ, ನಿಂತೋರ ಕಣ್ಣಿಗೆ ಸರಿ ಹೋಗತ್ತೆ. ಸೋಫಾ ಮೇಲಾದ್ರೆ ಒರಗೋ ಜಾಗದಿಂದ ಏಳೆಂಟು ಇಂಚು ಮೇಲೆ, ಅದಕ್ಕಿಂತ ಎತ್ತರ ಹೋದ್ರೆ ಚಿತ್ರ ಸೋಫಾ ಬಿಟ್ಟು ಸೀಲಿಂಗಿಗೆ ಸೇರ್ಕೊಳ್ಳತ್ತೆ. ಬಾತ್‌ರೂಮ್ ಹಿಂದಿನ ಗೋಡೆ, ದೇವರ ದೀಪದ ಮೇಲೆ, ಒಗ್ಗರಣೆ ಹೊಗೆ ಬರೋ ಕಡೆ ಬೇಡ. ಹೊಸ ಮನೆ ಆದ್ರೆ ಗಿಲಾವು ಪೂರ್ತಿ ಒಣಗೋ ತನಕ ಕಾಯಿರಿ. ಎರಡು ಕೆ.ಜಿ. ದಾಟಿದ್ರೆ ಬರೀ ಮೊಳೆ ನಂಬ್ಬೇಡಿ, ಡ್ರಿಲ್ ಮಾಡ್ಸಿ ರಾಲ್ ಪ್ಲಗ್ (ತೂತಲ್ಲಿ ಕೂರೋ ಪ್ಲಾಸ್ಟಿಕ್ ಕೊಳವೆ) ಹಾಕಿ ಸ್ಕ್ರೂ ಬಿಗಿಸಿ, ಎರಡು ಕಡೆ ಹಾಕಿದ್ರೆ ಬಾಗಿಲು ಬಡಿದಾಗೆಲ್ಲ ಫ್ರೇಮ್ ವಾಲಲ್ಲ. ಓನರ್ ಡ್ರಿಲ್ ಬೇಡ ಅನ್ನೋ ಬಾಡಿಗೆ ಮನೇಲಿ ನಾನು ಮಾಡಿರೋದು ಏನಂದ್ರೆ ಪುಸ್ತಕದ ಕಪಾಟಿನ ಮೇಲೆ ಗೋಡೆಗೆ ಒರಗಿಸಿ ಇಟ್ಟಿದೀನಿ, ಕೆಳಗೆ ಜಾರದಂಗೆ ರಬ್ಬರ್ ಮ್ಯಾಟ್ ತುಂಡು. ಅಂಚು ಕಳ್ಕೊಂಡ ಎಮ್ಮೆನೂ ಅಲ್ಲೇ ಇದೆ, ಬಂಗಾರದ ಹೂಬಳ್ಳಿ ತೆಗೆಸಿ ಕಪ್ಪು ಪಟ್ಟಿ ಹಾಕ್ಸಿದೆ, ಮೌಂಟೂ ಹಾಕ್ಸಿದೆ, ಪೆನ್ಸಿಲ್ ಅಂಚಿದ್ದ ಜಾಗದಲ್ಲಿ ಬರೀ ಬೋರ್ಡು.

ಆಮೇಲೆ ವರ್ಷಕ್ಕೊಂದು ಸಲ, ಆಯುಧಪೂಜೆ ಟೈಮಲ್ಲಿ ಹೇಗೂ ಮನೆಯೆಲ್ಲಾ ಒರೆಸ್ತೀವಲ್ಲ, ಆವಾಗ ಫ್ರೇಮೆಲ್ಲ ಕೆಳಗಿಳಿಸಿ ಹಿಂದೆ ನೋಡಿ. ಬ್ರೌನ್ ಟೇಪ್ ಎದ್ದಿದೆಯಾ, ಮೂಲೇಲಿ ರವೆ ಥರ ಕುಟ್ಟೆ ಪುಡಿ ಇದೆಯಾ, ದಾರ ಸವೆದಿದೆಯಾ. ಗಾಜು ಒರೆಸೋವಾಗ ಸ್ಪ್ರೇನ ಸೀದಾ ಗಾಜಿಗೆ ಹೊಡೀಬೇಡಿ, ಅದು ಕೆಳಗಿಳಿದು ಪಟ್ಟಿ ಸಂದೀಲಿ ಹೋಗತ್ತೆ, ಮೌಂಟ್ ಅದನ್ನ ಕೆಳಗಿಂದ ಹೀರ್ಕೊಳ್ಳತ್ತೆ. ಬಟ್ಟೆಗೆ ಹೊಡ್ಕೊಂಡು ಒರೆಸಿ.